ಆಕರಗಳ ಸಮನ್ವಯ: ಸಭೆಯ ಇತಿಹಾಸದಿಂದ ಸಂಶೋಧನ ವಿದ್ಯಾರ್ಥಿಗೆ ದೊರೆಯುವ ಪಾಠ

ಲೂಕನು ತನ್ನ ಸುವಾರ್ತೆಯ ಮೊದಲ ನಾಲ್ಕು ವಚನಗಳಲ್ಲಿ ತನ್ನ ಕೆಲಸದ ಕ್ರಮವನ್ನು ತಾನೇ ತಿಳಿಸುತ್ತಾನೆ. ತನಗಿಂತ ಮುಂಚೆ ಅನೇಕರು ಬರೆದಿದ್ದಾರೆಂಬುದನ್ನು ಅವನು ಮರೆಮಾಚುವುದಿಲ್ಲ. ಆ ಬರಹಗಳ ಹಿಂದೆ ಕಣ್ಣಾರೆ ಕಂಡವರ ಸಾಕ್ಷ್ಯವಿದೆಯೆಂದು ನೆನಪಿಸುತ್ತಾನೆ. ತಾನು ಎಲ್ಲವನ್ನೂ ಬುಡದಿಂದ ವಿಚಾರಿಸಿ ನೋಡಿದ್ದಾಗಿಯೂ ಅದನ್ನು ಕ್ರಮಪಡಿಸಿ ಬರೆಯುತ್ತಿರುವುದಾಗಿಯೂ ಹೇಳುತ್ತಾನೆ. ಈ ಶ್ರಮವೆಲ್ಲ ಯಾರಿಗಾಗಿ, ಏತಕ್ಕಾಗಿ ಎಂಬುದನ್ನೂ ಸ್ಪಷ್ಟಪಡಿಸುತ್ತಾನೆ: ಥೆಯೊಫಿಲನು ತಾನು ಕಲಿತದ್ದರ ದೃಢತೆಯನ್ನು ಅರಿಯಬೇಕು. ಹಿಂದಿನ ಬರಹ, ಅದರ ಹಿಂದಿನ ಸಾಕ್ಷ್ಯ, ಸ್ವಂತ ವಿಚಾರಣೆ, ಓದುಗನಿಗೆ ಒದಗುವ ಕ್ರಮ ಎಂಬ ಈ ನಾಲ್ಕು ಅಂಶಗಳು ಇಂದಿನ ಸಂಶೋಧನ ಪ್ರಬಂಧಕ್ಕೂ ಆಧಾರವಾಗಿವೆ.

ದೈವಶಾಸ್ತ್ರದ ವಿದ್ಯಾರ್ಥಿಯೂ ಪ್ರಬಂಧ ಬರೆಯಲು ಕುಳಿತಾಗ ಲೂಕನ ಸ್ಥಾನದಲ್ಲಿಯೇ ಇರುತ್ತಾನೆ. ಗ್ರಂಥಾಲಯದಿಂದ ತಂದ ಪುಸ್ತಕಗಳು, ಪತ್ರಿಕೆಗಳ ಲೇಖನಗಳು, ತರಗತಿಯ ಟಿಪ್ಪಣಿಗಳು ಅವನ ಮೇಜಿನ ಮೇಲಿವೆ. ಅವು ಹಲವು, ಬರೆಯಬೇಕಾದ ಪ್ರಬಂಧ ಒಂದು. ಈ ಹಲವನ್ನು ಒಂದಾಗಿಸುವಲ್ಲಿ ಸಾಮಾನ್ಯವಾಗಿ ಎರಡು ದೋಷಗಳು ಕಾಣಿಸಿಕೊಳ್ಳುತ್ತವೆ. ಮೊದಲನೆಯದು, ಒಬ್ಬ ವಿದ್ವಾಂಸನು ಹೀಗೆ ಹೇಳುತ್ತಾನೆ, ಇನ್ನೊಬ್ಬನು ಹಾಗೆ ಹೇಳುತ್ತಾನೆ ಎಂದು ಒಂದರ ಮುಂದೊಂದು ಪೋಣಿಸುತ್ತ ಹೋಗಿ ಕೊನೆಗೆ ಏನನ್ನೂ ಹೇಳದೆ ನಿಲ್ಲುವುದು. ಎರಡನೆಯದು, ಎಲ್ಲರ ಮಾತುಗಳನ್ನೂ ಒಂದೇ ಹಿಟ್ಟಾಗಿ ನಾದಿ, ಯಾವ ಮಾತು ಯಾರದೆಂದು ಗೊತ್ತಾಗದಂತೆ ಮಾಡುವುದು. ಮೊದಲನೆಯದರಲ್ಲಿ ಆಕರಗಳಿವೆ, ಪ್ರಬಂಧವಿಲ್ಲ. ಎರಡನೆಯದರಲ್ಲಿ ಪ್ರಬಂಧದಂತೆ ತೋರುವುದು ಇದೆ, ಆಕರಗಳು ಕಣ್ಮರೆಯಾಗಿವೆ.

ಸಮನ್ವಯ ಎಂಬ ಪದ ನಮ್ಮ ನಾಡಿನ ಶಾಸ್ತ್ರಪರಂಪರೆಗೆ ಹೊಸದಲ್ಲ. ಬ್ರಹ್ಮಸೂತ್ರಗಳ ಮೊದಲ ಅಧ್ಯಾಯಕ್ಕೆ ಸಮನ್ವಯಾಧ್ಯಾಯವೆಂದೂ ಎರಡನೆಯದಕ್ಕೆ ಅವಿರೋಧಾಧ್ಯಾಯವೆಂದೂ ಹೆಸರು. ಅಲ್ಲಿನ ಭಾಷ್ಯಕಾರರು ಒಂದೊಂದು ಅಧಿಕರಣವನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿ ವಿಚಾರಿಸುತ್ತಾರೆ. ಎದುರಾಳಿಯ ಪಕ್ಷವನ್ನು ಪೂರ್ಣವಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗುವ ಕ್ರಮ ಅಲ್ಲಿಲ್ಲ. ಕ್ರೈಸ್ತ ಸಭೆಯ ಪಂಡಿತರೂ ಹಲವು ಶತಮಾನಗಳ ಕಾಲ ಇದೇ ಸಮಸ್ಯೆಯೊಡನೆ ಹೋರಾಡಿದ್ದಾರೆ. ಅವರಲ್ಲಿ ಕೆಲವರ ಕೆಲಸವನ್ನು ಇಲ್ಲಿ ಕ್ರಮವಾಗಿ ನೋಡೋಣ. ಆ ಇತಿಹಾಸದಿಂದ ಹೊರಡುವ ಮಾತು ಇದು: ತನ್ನ ತೀರ್ಮಾನವನ್ನು ಧೈರ್ಯವಾಗಿ ಹೇಳಿ, ಆ ತೀರ್ಮಾನವನ್ನು ಪರೀಕ್ಷಿಸುವ ಸಾಧನವನ್ನೂ ಓದುಗನ ಕೈಗೆ ಕೊಡುವುದೇ ನಿಜವಾದ ಸಮನ್ವಯ.

ತಾತಿಯನನ ಏಕಸುವಾರ್ತೆ

ತಾತಿಯನನು ಅಸ್ಸೀರಿಯದ ನಾಡಿನಿಂದ ಬಂದವನು. ರೋಮಾಪುರದಲ್ಲಿ ರಕ್ತಸಾಕ್ಷಿ ಜಸ್ಟಿನನ ಶಿಷ್ಯನಾಗಿದ್ದವನು. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ, ಸುಮಾರು 170ರ ದಶಕದಲ್ಲಿ, ಅವನು ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥನವನ್ನಾಗಿ ಮಾಡಿದನು. ಅದರ ಹೆಸರು ದಿಯಾತೆಸ್ಸರೋನ್. ಗ್ರೀಕಿನಲ್ಲಿ ನಾಲ್ಕರ ಮೂಲಕ ಎಂಬ ಅರ್ಥ. ಈ ಕೆಲಸವನ್ನು ಅವನು ಉಡಾಫೆಯಿಂದ ಮಾಡಲಿಲ್ಲ. ಗ್ರೀಕರನ್ನು ಉದ್ದೇಶಿಸಿ ಬರೆದ ತನ್ನ ಇನ್ನೊಂದು ಗ್ರಂಥದಲ್ಲಿ, ಕಾಲಗಣನೆ ಒಂದಕ್ಕೊಂದು ಹೊಂದದಿರುವಲ್ಲಿ ಇತಿಹಾಸವೂ ಸತ್ಯವಾಗಿರಲಾರದೆಂದು ಅವನು ವಾದಿಸುತ್ತಾನೆ. ಈ ನಿಲುವಿನವನಿಗೆ ನಾಲ್ಕು ಸುವಾರ್ತೆಗಳ ವ್ಯತ್ಯಾಸಗಳು ತೊಡಕಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಸಿರಿಯ ಭಾಷೆಯ ಸಭೆಗಳು ಈ ಗ್ರಂಥವನ್ನು ಆದರದಿಂದ ಸ್ವೀಕರಿಸಿದವು. 373ರಲ್ಲಿ ತೀರಿಕೊಂಡ ಎಫ್ರೇಮನು ಅದಕ್ಕೆ ವ್ಯಾಖ್ಯಾನ ಬರೆದನು. ಐದನೆಯ ಶತಮಾನದಲ್ಲಿ ಸಿರ್ರಸ್ ಪಟ್ಟಣದ ಬಿಷಪನಾಗಿದ್ದ ಥೆಯೊಡೊರೆತನು ತನ್ನ ಪ್ರಾಂತದ ಸಭೆಗಳಲ್ಲಿ ಅದರ 200ಕ್ಕಿಂತ ಹೆಚ್ಚು ಪ್ರತಿಗಳು ಗೌರವದಿಂದ ಬಳಕೆಯಲ್ಲಿದ್ದುದನ್ನು ಕಂಡನು. ಅವುಗಳನ್ನು ಒಟ್ಟುಗೂಡಿಸಿ ತೆಗೆದಿರಿಸಿ, ಅವುಗಳ ಬದಲಿಗೆ ನಾಲ್ವರು ಸುವಾರ್ತಿಕರ ಗ್ರಂಥಗಳನ್ನು ಕೊಟ್ಟನು. ಕರ್ತನ ವಂಶಾವಳಿಗಳನ್ನು ತಾತಿಯನನು ಬಿಟ್ಟುಬಿಟ್ಟಿದ್ದಾನೆಂಬುದು ಥೆಯೊಡೊರೆತನ ದೂರುಗಳಲ್ಲಿ ಒಂದು. ಮತ್ತಾಯನ ವಂಶಾವಳಿಗೂ ಲೂಕನದಕ್ಕೂ ಹೊಂದಿಕೆಯಾಗದಿರುವುದನ್ನು ಬಲ್ಲವರಿಗೆ ಅವು ಬಿಟ್ಟುಹೋದದ್ದರ ಕಾರಣ ಊಹಿಸಲು ಕಷ್ಟವಿಲ್ಲ.

ಹೆಣಿಗೆಯಲ್ಲಿ ಏನು ನಷ್ಟವಾಗುತ್ತದೆ? ದೇವಾಲಯವನ್ನು ಶುದ್ಧಗೊಳಿಸಿದ ಪ್ರಸಂಗವನ್ನು ನೋಡಿ. ಯೋಹಾನನು ಅದನ್ನು ಎರಡನೆಯ ಅಧ್ಯಾಯದಲ್ಲಿ, ಯೇಸುವಿನ ಸೇವೆಯ ಆರಂಭದಲ್ಲಿ ಇರಿಸುತ್ತಾನೆ. ಮತ್ತಾಯ, ಮಾರ್ಕ, ಲೂಕರು ಅದನ್ನು ಯೆರೂಸಲೇಮಿನ ಕೊನೆಯ ದಿನಗಳಲ್ಲಿ ಇರಿಸುತ್ತಾರೆ. ಒಂದೇ ಕಥನ ಬರೆಯುವವನು ಎರಡರಲ್ಲಿ ಒಂದು ಸ್ಥಾನವನ್ನು ಆರಿಸಬೇಕು, ಇಲ್ಲವೆ ಪ್ರಸಂಗ ಎರಡು ಸಲ ನಡೆಯಿತೆನ್ನಬೇಕು. ಒಂದನ್ನು ಆರಿಸಿದರೆ, ಯೋಹಾನನು ಅದನ್ನು ಮೊದಲಿಗೇ ಏಕೆ ಇರಿಸಿದನು, ಮಾರ್ಕನು ಅದನ್ನು ಬಂಧನಕ್ಕೆ ಸಮೀಪದಲ್ಲಿ ಏಕೆ ಇರಿಸಿದನು ಎಂಬ ಪ್ರಶ್ನೆಗಳು ಓದುಗನಿಗೆ ಹುಟ್ಟುವುದೇ ಇಲ್ಲ. ಉತ್ತರ ತಪ್ಪಾಗಿರಬಹುದೆಂಬುದು ಇಲ್ಲಿ ಚಿಕ್ಕ ತೊಂದರೆ. ಪ್ರಶ್ನೆಯೇ ಅಳಿದುಹೋಗುವುದು ದೊಡ್ಡದು.

ತಾತಿಯನನ ಪದ್ಧತಿ ನಮ್ಮ ಸಭೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಕ್ರಿಸ್ಮಸ್ ಸಮಯದಲ್ಲಿ ನಾವು ಕಟ್ಟುವ ಗೋದಲಿಯಲ್ಲಿ ಕುರುಬರೂ ಮೂಡಣ ದೇಶದ ಜೋಯಿಸರೂ ಒಟ್ಟಿಗೆ ನಿಲ್ಲುತ್ತಾರೆ. ಗೋದಲಿ ಮತ್ತು ಕುರುಬರು ಲೂಕನವು. ಮತ್ತಾಯನ ಜೋಯಿಸರು ಬರುವುದು ಮನೆಯೊಳಗೆ, ಅವರು ಮೂವರೆಂದು ಅವನು ಹೇಳುವುದೂ ಇಲ್ಲ. ಭಕ್ತಿಯ ದೃಶ್ಯವಾಗಿ ಇದು ಸುಂದರ, ಅದನ್ನು ನಿಂದಿಸಬೇಕಾಗಿಲ್ಲ. ಆದರೆ ಲೂಕನು ಬಡವರ ನಡುವಿನ ಜನನವನ್ನೂ ಮತ್ತಾಯನು ಅನ್ಯಜನರ ಆರಾಧನೆಯನ್ನೂ ಹೆರೋದನ ಹಿಂಸೆಯನ್ನೂ ಮುಂದಿಡುತ್ತಿದ್ದಾರೆಂಬುದನ್ನು ಕಾಣಬೇಕಾದರೆ ಇಬ್ಬರನ್ನೂ ಬೇರೆಬೇರೆಯಾಗಿ ಓದಲೇಬೇಕು. ಸಭೆಯು ಒಂದು ಹೆಣಿಗೆಯನ್ನು ಬಿಟ್ಟು ನಾಲ್ಕು ಸುವಾರ್ತೆಗಳನ್ನು ಉಳಿಸಿಕೊಂಡದ್ದು ಸುಲಭವಾದ ಆಯ್ಕೆಯಾಗಿರಲಿಲ್ಲ. ಭಿನ್ನವಾಗಿ ನುಡಿಯುವ ನಾಲ್ವರು ಸಾಕ್ಷಿಗಳನ್ನು ಹೊತ್ತು ನಡೆಯುವ ಹೊಣೆಯನ್ನು ಅದು ಒಪ್ಪಿಕೊಂಡಿತು.

ಯುಸೇಬಿಯಸನ ಕೋಷ್ಟಕಗಳು

ಕೈಸರೈಯದ ಬಿಷಪನಾದ ಯುಸೇಬಿಯಸನು ಅದೇ ಸಮಸ್ಯೆಗೆ ಬೇರೊಂದು ದಾರಿ ಹುಡುಕಿದನು. ಅವನಿಗೆ ಮುಂಚೆ ಅಲೆಕ್ಸಾಂದ್ರಿಯದ ಅಮ್ಮೋನಿಯಸನು ಮತ್ತಾಯನ ಸುವಾರ್ತೆಯನ್ನು ಇಡಿಯಾಗಿ ಬರೆದು, ಉಳಿದ ಮೂವರ ಸಮಾನ ಭಾಗಗಳನ್ನು ಕತ್ತರಿಸಿ ಅದರ ಪಕ್ಕದಲ್ಲಿ ಇರಿಸಿದ್ದನು. ಇದರಿಂದ ಉಳಿದ ಮೂರು ಸುವಾರ್ತೆಗಳ ಓಟ ಕೆಡುತ್ತದೆಂದು ಯುಸೇಬಿಯಸನು ಕಾರ್ಪಿಯಾನಸನಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾನೆ. ಅವನು ಯಾವ ಸುವಾರ್ತೆಯನ್ನೂ ಕತ್ತರಿಸಲಿಲ್ಲ. ಪ್ರತಿಯೊಂದನ್ನೂ ಸಣ್ಣ ಭಾಗಗಳಾಗಿ ಎಣಿಸಿ ಅಂಚಿನಲ್ಲಿ ಸಂಖ್ಯೆ ಹಾಕಿದನು: ಮತ್ತಾಯನಿಗೆ 355, ಮಾರ್ಕನಿಗೆ 233, ಲೂಕನಿಗೆ 342, ಯೋಹಾನನಿಗೆ 232. ಅನಂತರ ಹತ್ತು ಕೋಷ್ಟಕಗಳನ್ನು ರಚಿಸಿದನು. ಮೊದಲನೆಯದರಲ್ಲಿ ನಾಲ್ವರಿಗೂ ಸಾಮಾನ್ಯವಾದ ಭಾಗಗಳು. ನಡುವಿನವುಗಳಲ್ಲಿ ಮೂವರಿಗೆ ಅಥವಾ ಇಬ್ಬರಿಗೆ ಸಾಮಾನ್ಯವಾದವು. ಹತ್ತನೆಯದರಲ್ಲಿ ಒಬ್ಬೊಬ್ಬನು ಮಾತ್ರ ಹೇಳಿದವು. ಇಂದಿಗೂ ಗ್ರೀಕ್ ಹೊಸ ಒಡಂಬಡಿಕೆಯ ನೆಸ್ಲೆ-ಆಲಾಂಡ್ ಆವೃತ್ತಿಯ ಒಳ ಅಂಚಿನಲ್ಲಿ ಆ ಸಂಖ್ಯೆಗಳನ್ನು ಕಾಣಬಹುದು.

ಈ ಕೋಷ್ಟಕಗಳು ಆಕರಗಳ ಸಮನ್ವಯಕ್ಕೆ ಸಭೆಯ ಇತಿಹಾಸದಲ್ಲಿ ದೊರೆಯುವ ಅತ್ಯಂತ ಸರಳವಾದ ಸಾಧನ. ಯಾರು ಎಲ್ಲಿ ಒಮ್ಮತದಿಂದಿದ್ದಾರೆ, ಯಾರು ಎಲ್ಲಿ ಒಂಟಿಯಾಗಿ ನಿಂತಿದ್ದಾರೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಕರವು ಮಾತ್ರ ತನ್ನ ಸ್ಥಾನದಲ್ಲಿ ಅಖಂಡವಾಗಿ ಉಳಿಯುತ್ತದೆ. ಹತ್ತನೆಯ ಕೋಷ್ಟಕವನ್ನು ವಿದ್ಯಾರ್ಥಿಯು ವಿಶೇಷವಾಗಿ ಗಮನಿಸಬೇಕು. ಒಬ್ಬನೇ ಹೇಳಿದ್ದನ್ನು ಯುಸೇಬಿಯಸನು ಬದಿಗೆ ತಳ್ಳಲಿಲ್ಲ, ಅದಕ್ಕೆಂದೇ ಒಂದು ಕೋಷ್ಟಕವನ್ನು ಮೀಸಲಿಟ್ಟನು. ನಮ್ಮ ಪ್ರಬಂಧಗಳಲ್ಲಿ ಬಹುಮತಕ್ಕೆ ಸೇರದ ಆಕರವು ಮೊದಲು ಬಿಟ್ಟುಹೋಗುತ್ತದೆ. ಹೊಸ ವಿಚಾರ ಹುಟ್ಟುವುದು ಮಾತ್ರ ಅನೇಕ ವೇಳೆ ಅಂಥ ಆಕರದಿಂದಲೇ.

ಪಾಪಿಯಸನ ವಿಷಯ

ಯುಸೇಬಿಯಸನ ಸಭಾ ಇತಿಹಾಸದ ಮೂರನೆಯ ಪುಸ್ತಕದ 39ನೆಯ ಅಧ್ಯಾಯವು ಸಂಶೋಧನ ವಿಧಾನಕ್ಕೆ ಒಂದು ಪೂರ್ಣ ಪಾಠದಂತಿದೆ. ಅದರ ವಿಷಯ ಹಿಯೆರಾಪೊಲಿಯ ಬಿಷಪನಾದ ಪಾಪಿಯಸನು. ಕರ್ತನ ನುಡಿಗಳ ಬಗ್ಗೆ ಅವನು ಐದು ಪುಸ್ತಕಗಳನ್ನು ಬರೆದಿದ್ದನು. ಎರಡನೆಯ ಶತಮಾನದ ಐರೇನಿಯಸನು ಪಾಪಿಯಸನನ್ನು ಯೋಹಾನನ ಉಪದೇಶವನ್ನು ಕೇಳಿದವನೆಂದು ಕರೆದಿದ್ದನು. ಐರೇನಿಯಸನು ಸಣ್ಣ ಪ್ರಮಾಣವಲ್ಲ. ಯುಸೇಬಿಯಸನು ಅವನ ಮಾತನ್ನು ಮೊದಲು ಉದ್ಧರಿಸುತ್ತಾನೆ. ಬಳಿಕ ಪಾಪಿಯಸನ ಸ್ವಂತ ಪೀಠಿಕೆಗೆ ಹೋಗಿ ಅವನದೇ ವಾಕ್ಯಗಳನ್ನು ಬರೆದಿಡುತ್ತಾನೆ. ಆ ಪೀಠಿಕೆಯಲ್ಲಿ ಪಾಪಿಯಸನು ತಾನೇ ಅಪೊಸ್ತಲರನ್ನು ಕೇಳಿದೆನೆಂದು ಹೇಳದೆ, ಅವರ ಸಂಗಡ ಇದ್ದವರನ್ನು ವಿಚಾರಿಸುತ್ತಿದ್ದೆನೆಂದು ಹೇಳುತ್ತಾನೆ. ಯೋಹಾನನ ಹೆಸರು ಅಲ್ಲಿ ಎರಡು ಬಾರಿ ಬರುತ್ತದೆ: ಒಮ್ಮೆ ಪೇತ್ರ ಮೊದಲಾದ ಅಪೊಸ್ತಲರ ಸಾಲಿನಲ್ಲಿ, ಇನ್ನೊಮ್ಮೆ ಅರಿಸ್ತಿಯೋನನ ಜೊತೆಗೆ, ಹಿರಿಯನೆಂಬ ಹೆಸರಿನಿಂದ. ಆದುದರಿಂದ ಇಬ್ಬರು ಯೋಹಾನರಿದ್ದರು ಎಂಬುದು ಯುಸೇಬಿಯಸನ ತೀರ್ಮಾನ.

ಇಲ್ಲಿ ಮೂರು ಹೆಜ್ಜೆಗಳಿವೆ. ಹಿಂದಿನ ವಿದ್ವಾಂಸನ ಅಭಿಪ್ರಾಯವನ್ನು ಅವನ ಹೆಸರಿನಲ್ಲೇ ಹೇಳುವುದು ಮೊದಲನೆಯದು. ಆ ಅಭಿಪ್ರಾಯ ಯಾವ ಮೂಲವನ್ನು ಕುರಿತದ್ದೋ ಆ ಮೂಲಕ್ಕೇ ಹೋಗುವುದು ಎರಡನೆಯದು. ಮೂಲದ ವಾಕ್ಯಗಳನ್ನು ಓದುಗನ ಮುಂದಿಟ್ಟು, ಅನಂತರ ತನ್ನ ತೀರ್ಮಾನವನ್ನು ತನ್ನದೆಂದೇ ಹೇಳುವುದು ಮೂರನೆಯದು. ಪಠ್ಯಪುಸ್ತಕದಲ್ಲಿ ಓದಿದ್ದನ್ನು ಮೂಲದಲ್ಲಿ ನೋಡದೆ ಬರೆಯುವವನು ಮೊದಲ ಹೆಜ್ಜೆಯಲ್ಲೇ ನಿಂತಿರುತ್ತಾನೆ.

ಯುಸೇಬಿಯಸನು ನಿಷ್ಪಕ್ಷಪಾತಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕ್ರಿಸ್ತನು ಭೂಮಿಯ ಮೇಲೆ ಸಾವಿರ ವರ್ಷ ಆಳುವನೆಂಬ ಉಪದೇಶವನ್ನು ಅವನು ಮೆಚ್ಚುತ್ತಿರಲಿಲ್ಲ. ಪಾಪಿಯಸನು ಆ ಉಪದೇಶವನ್ನು ನಂಬಿದ್ದನು. ಹಾಗಾಗಿ ಅವನು ಬಹಳ ಕಡಿಮೆ ಬುದ್ಧಿಯವನೆಂದು ಅದೇ ಅಧ್ಯಾಯದಲ್ಲಿ ಯುಸೇಬಿಯಸನು ಬರೆಯುತ್ತಾನೆ. ಪ್ರಕಟನೆ ಗ್ರಂಥದ ದರ್ಶನವನ್ನು ಕಂಡವನು ಎರಡನೆಯ ಯೋಹಾನನಾಗಿರಬಹುದೆಂಬ ಸೂಚನೆಯೂ ಅಲ್ಲಿದೆ. ಇಬ್ಬರು ಯೋಹಾನರನ್ನು ಬೇರ್ಪಡಿಸುವುದರಿಂದ ಅವನಿಗೆ ಲಾಭವಿತ್ತೆಂಬುದು ಸ್ಪಷ್ಟ. ಆದ್ದರಿಂದಲೇ ಅವನ ಓದನ್ನು ಒಪ್ಪದ ವಿದ್ವಾಂಸರು ಇಂದಿಗೂ ಇದ್ದಾರೆ. ಎರಡೂ ಕಡೆ ಹೆಸರಿಸಲಾದವನು ಒಬ್ಬನೇ ಯೋಹಾನನೆಂದು ಅವರು ವಾದಿಸುತ್ತಾರೆ.

ಅವರು ಹಾಗೆ ವಾದಿಸಲು ಆಧಾರವೇನು? ಪಾಪಿಯಸನ ಐದು ಪುಸ್ತಕಗಳೂ ಇಂದು ನಮಗೆ ಉಳಿದಿಲ್ಲ. ಯುಸೇಬಿಯಸನು ಬರೆದಿಟ್ಟ ಆ ಪೀಠಿಕೆಯ ವಾಕ್ಯಗಳೇ ಅವರಿಗೆ ಆಧಾರ. ಅವನು ತನ್ನ ತೀರ್ಮಾನವನ್ನು ಮಾತ್ರ ಬರೆದು ಆಕರವನ್ನು ತನ್ನ ಮಾತಿನಲ್ಲಿ ಕರಗಿಸಿದ್ದರೆ, ಆ ತೀರ್ಮಾನ ಪರೀಕ್ಷೆಗೆ ಸಿಗದ ಸುದ್ದಿಯಾಗಿ ಉಳಿಯುತ್ತಿತ್ತು. ಪೂರ್ವಗ್ರಹವುಳ್ಳ ಬರಹಗಾರನೂ ಆಕರವನ್ನು ಪ್ರತ್ಯೇಕವಾಗಿ ಉಳಿಸಿದರೆ ಅವನ ಪೂರ್ವಗ್ರಹಕ್ಕೆ ಪರಿಹಾರ ಅವನ ಪುಟದಲ್ಲಿಯೇ ಸಿಗುತ್ತದೆ. ಪೂರ್ವಗ್ರಹವಿಲ್ಲದವರು ಅಪರೂಪ. ಪ್ರಾಮಾಣಿಕ ಉದ್ಧರಣೆ ಎಲ್ಲರಿಗೂ ಸಾಧ್ಯ.

ಹೌದು ಮತ್ತು ಅಲ್ಲ

ಹನ್ನೆರಡನೆಯ ಶತಮಾನದ ಹೊತ್ತಿಗೆ ಪಶ್ಚಿಮದ ಸಭೆಯಲ್ಲಿ ಸಮಸ್ಯೆಯ ರೂಪ ಬದಲಾಗಿತ್ತು. ಆಗ ನಾಲ್ಕು ಸುವಾರ್ತೆಗಳ ಜೊತೆಗೆ ಸಭಾಪಿತೃಗಳ ನೂರಾರು ಮಾತುಗಳೂ ಸಭಾಸಂಘಗಳ ನಿಯಮಗಳೂ ಒಂದಕ್ಕೊಂದು ಎದುರಾಗಿ ನಿಂತಿದ್ದವು. ಪೀಟರ್ ಅಬೆಲಾರ್ಡನು 1120ರ ದಶಕದ ಆರಂಭದಲ್ಲಿ ಹೌದು ಮತ್ತು ಅಲ್ಲ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಆರಂಭಿಸಿದನು. ಅದರಲ್ಲಿರುವ ಪ್ರಶ್ನೆಗಳು 158. ಪ್ರತಿಯೊಂದರ ಕೆಳಗೆ ಪಿತೃಗಳ ಪರವಾದ ಮಾತುಗಳನ್ನೂ ವಿರೋಧದ ಮಾತುಗಳನ್ನೂ ಅವನು ಸಾಲಾಗಿ ಇರಿಸಿದನು. ತನ್ನ ಉತ್ತರವನ್ನು ಮಾತ್ರ ಬರೆಯಲಿಲ್ಲ. ಸಂದೇಹವು ವಿಚಾರಣೆಗೂ ವಿಚಾರಣೆಯು ಸತ್ಯಕ್ಕೂ ಒಯ್ಯುತ್ತದೆಂಬುದು ಅವನ ನಂಬಿಕೆಯಾಗಿತ್ತು.

ಆ ಗ್ರಂಥದ ಪೀಠಿಕೆಯಲ್ಲಿ ಎದುರಾಗುವ ಮಾತುಗಳನ್ನು ಪರೀಕ್ಷಿಸಲು ಕೆಲವು ನಿಯಮಗಳಿವೆ. ಗ್ರಂಥ ನಿಜವಾಗಿ ಆ ಪಿತೃವಿನದೇ, ನಕಲುಗಾರರ ಕೈಯಲ್ಲಿ ಪಾಠ ಕೆಟ್ಟಿದೆಯೇ ಎಂದು ಮೊದಲು ನೋಡಬೇಕು. ಒಂದೇ ಪದವನ್ನು ಇಬ್ಬರು ಬೇರೆಬೇರೆ ಅರ್ಥದಲ್ಲಿ ಬಳಸಿರಬಹುದು. ಲೇಖಕನು ತನ್ನ ಅಭಿಪ್ರಾಯವನ್ನು ಹೇಳುತ್ತಿದ್ದಾನೋ ಇತರರದನ್ನು ನಿರೂಪಿಸುತ್ತಿದ್ದಾನೋ ಎಂಬುದನ್ನು ಗಮನಿಸಬೇಕು. ಅವನು ಮುಂದೆ ಆ ಮಾತನ್ನು ಹಿಂತೆಗೆದುಕೊಂಡಿರಬಹುದು; ಅಗಸ್ಟೀನನು ತನ್ನ ಕೊನೆಯ ವರ್ಷಗಳಲ್ಲಿ, 426 ಮತ್ತು 427ರಲ್ಲಿ, ತನ್ನ ಗ್ರಂಥಗಳನ್ನೆಲ್ಲ ಮರಳಿ ಓದಿ ತಿದ್ದುಪಡಿಗಳನ್ನು ಬರೆದಿದ್ದನು. ನಿತ್ಯನಿಯಮವಾಗಿ ಹೇಳಿದ್ದನ್ನೂ ಸಂದರ್ಭಕ್ಕೆ ತಕ್ಕ ರಿಯಾಯಿತಿಯಾಗಿ ಹೇಳಿದ್ದನ್ನೂ ಬೆರೆಸಬಾರದು. ಇಷ್ಟಾದ ಮೇಲೂ ವಿರೋಧ ಉಳಿದರೆ ಯಾವ ಪ್ರಮಾಣಕ್ಕೆ ಹೆಚ್ಚು ತೂಕವೆಂದು ನಿರ್ಣಯಿಸಬೇಕು. ಒಂಬತ್ತು ಶತಮಾನಗಳ ಬಳಿಕವೂ ಈ ನಿಯಮಗಳಿಗೆ ಸೇರಿಸಬೇಕಾದದ್ದು ಹೆಚ್ಚೇನೂ ಇಲ್ಲ.

ಮೊದಲ ನಿಯಮವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಕಾನ್‌ಸ್ಟಂಟೈನನ ದಾನಪತ್ರ ನಿದರ್ಶನ. ಪಶ್ಚಿಮ ಸಾಮ್ರಾಜ್ಯದ ಅಧಿಕಾರವನ್ನು ಚಕ್ರವರ್ತಿಯು ರೋಮಿನ ಬಿಷಪನಿಗೆ ಒಪ್ಪಿಸಿದನೆಂದು ಹೇಳುವ ಆ ಪತ್ರವು ಸಭಾನಿಯಮಗಳ ಸಂಗ್ರಹದೊಳಗೆ ಸೇರಿಕೊಂಡು ಶತಮಾನಗಳ ಕಾಲ ಪ್ರಮಾಣವಾಗಿ ನಡೆಯಿತು. 1440ರಲ್ಲಿ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆ ಕಾನ್‌ಸ್ಟಂಟೈನನ ಕಾಲದ್ದಲ್ಲವೆಂದು ತೋರಿಸಿ ಅದು ಕೂಟಪತ್ರವೆಂದು ಸಾಧಿಸಿದನು. ಸಂಗ್ರಹದಲ್ಲಿ ಸೇರಿದ ಮಾತ್ರಕ್ಕೆ ಆಕರಕ್ಕೆ ಸತ್ಯತ್ವ ಬರುವುದಿಲ್ಲ; ಅನೇಕರು ಉದ್ಧರಿಸಿದ ಮಾತ್ರಕ್ಕೂ ಬರುವುದಿಲ್ಲ.

ಅಬೆಲಾರ್ಡನು ಬಿಟ್ಟ ಕೆಲಸವನ್ನು ಇತರರು ಮುಂದುವರಿಸಿದರು. ಸುಮಾರು 1140ರಲ್ಲಿ ಬೊಲೋನ್ಯದ ಗ್ರೇಷಿಯನನು ಭಿನ್ನವಾದ ಸಭಾನಿಯಮಗಳ ಹೊಂದಾಣಿಕೆ ಎಂಬ ಅರ್ಥದ ಹೆಸರಿನ ಸಂಗ್ರಹವನ್ನು ಸಿದ್ಧಪಡಿಸಿದನು. ಅದರಲ್ಲಿ ನಿಯಮಗಳ ಪಾಠ ಬೇರೆ, ಗ್ರೇಷಿಯನನ ಸ್ವಂತ ವಿವೇಚನೆ ಬೇರೆ. ಪೀಟರ್ ಲೊಂಬಾರ್ಡನು 1150ರ ದಶಕದಲ್ಲಿ ಪಿತೃಗಳ ಮಾತುಗಳನ್ನು ನಾಲ್ಕು ಪುಸ್ತಕಗಳಲ್ಲಿ ವಿಷಯಾನುಕ್ರಮವಾಗಿ ಜೋಡಿಸಿ, ಭಿನ್ನಾಭಿಪ್ರಾಯವಿರುವಲ್ಲಿ ತನ್ನ ನಿರ್ಣಯವನ್ನೂ ಕೊಟ್ಟನು. ಅದು ದೈವಶಾಸ್ತ್ರದ ಪಠ್ಯವಾಗಿ ಹದಿನಾರನೆಯ ಶತಮಾನದವರೆಗೂ ನಡೆಯಿತು. ಯುವಕ ಲೂಥರನೂ ಎರ್ಫುರ್ಟಿನಲ್ಲಿ ಅದನ್ನು ಪಾಠ ಹೇಳಿದನು. ಥಾಮಸ್ ಅಕ್ವಿನಾಸನು 1265ರಿಂದ 1273ರವರೆಗೆ ಬರೆದ ದೈವಶಾಸ್ತ್ರ ಸಂಗ್ರಹದಲ್ಲಿ ಈ ಪದ್ಧತಿ ಪಕ್ವವಾಯಿತು: ಪ್ರಶ್ನೆ, ತನ್ನ ನಿಲುವಿಗೆ ವಿರುದ್ಧವಾದ ಆಕ್ಷೇಪಗಳು, ಅವುಗಳಿಗೆ ಎದುರಾದ ಪ್ರಮಾಣ, ತನ್ನ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ನಮ್ಮ ಅಧಿಕರಣಗಳ ಪೂರ್ವಪಕ್ಷ ಸಿದ್ಧಾಂತಗಳನ್ನು ಬಲ್ಲವರಿಗೆ ಇದು ಪರಿಚಿತವೆನಿಸುವುದು ಸಹಜ. ಎರಡು ಪರಂಪರೆಗಳೂ ಸ್ವತಂತ್ರವಾಗಿ ಕಂಡುಕೊಂಡ ಸತ್ಯ ಒಂದೇ: ಎದುರು ಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಹೇಳಬಲ್ಲವನಿಗೆ ಮಾತ್ರ ಸಿದ್ಧಾಂತ ಹೇಳುವ ಅರ್ಹತೆ ಇದೆ.

ಮೊದಲೇ ಸಿದ್ಧವಾದ ತೀರ್ಮಾನ

ಸುಧಾರಣೆಯ ಕಾಲದಲ್ಲಿ ಆಕರಗಳ ಸಂಗ್ರಹ ಹಿಂದೆಂದೂ ಇಲ್ಲದಷ್ಟು ಬೆಳೆಯಿತು. ಮಾಥಿಯಾಸ್ ಫ್ಲಾಸಿಯಸನ ಪ್ರೇರಣೆಯಿಂದ ಲೂಥರನ್ ಪಂಡಿತರು ಸಿದ್ಧಪಡಿಸಿದ ಮಾಗ್ಡೆಬುರ್ಗಿನ ಶತಮಾನಗಳು ಎಂಬ ಸಭಾ ಇತಿಹಾಸವು 1559ರಿಂದ 1574ರವರೆಗೆ ಬಾಸೆಲ್ ಪಟ್ಟಣದಲ್ಲಿ ಅಚ್ಚಾಯಿತು. ಹದಿಮೂರು ಶತಮಾನಗಳಿಗೆ ಹದಿಮೂರು ಭಾಗಗಳು. ಪ್ರತಿಯೊಂದರಲ್ಲೂ ಉಪದೇಶ, ಪಾಷಂಡ, ಆಚರಣೆ, ಆಡಳಿತ ಮುಂತಾದ ಅವೇ ಶೀರ್ಷಿಕೆಗಳು. ಇದಕ್ಕೆ ಉತ್ತರವಾಗಿ ರೋಮಿನ ಬಾರೋನಿಯಸನು 1588ರಿಂದ 1607ರವರೆಗೆ ಹನ್ನೆರಡು ಸಂಪುಟಗಳ ವಾರ್ಷಿಕ ಇತಿಹಾಸವನ್ನು ಪ್ರಕಟಿಸಿದನು. ಒಂದು ಗುಂಪಿಗೆ ಸಭೆಯ ಇತಿಹಾಸವು ಅವನತಿಯ ಕಥೆ. ಇನ್ನೊಬ್ಬನಿಗೆ ಅದು ಅವಿಚ್ಛಿನ್ನತೆಯ ಕಥೆ. ಎರಡು ಕಡೆಯವರೂ ಅಪಾರವಾಗಿ ದುಡಿದರು, ಮರೆಯಾಗಿದ್ದ ಅನೇಕ ದಾಖಲೆಗಳನ್ನು ಬೆಳಕಿಗೆ ತಂದರು. ಆದರೆ ತೀರ್ಮಾನ ಮೊದಲೇ ಸಿದ್ಧವಾಗಿದ್ದುದರಿಂದ ಅದನ್ನು ಬದಲಿಸುವ ಅಧಿಕಾರ ಯಾವ ಆಕರಕ್ಕೂ ಇರಲಿಲ್ಲ. ಹತ್ತು ಆಕರಗಳನ್ನು ಓದಿದ ಮೇಲೂ ಆರಂಭದ ಅಭಿಪ್ರಾಯ ಒಂದಿಷ್ಟೂ ಅಲುಗದಿದ್ದರೆ, ಓದಿದ್ದು ನಿಜವಾಗಿ ವಿಚಾರಣೆಗಾಗಿಯೇ ಎಂದು ಬರೆಯುವವನು ತನ್ನನ್ನು ಕೇಳಿಕೊಳ್ಳಬೇಕು.

ಸುವಾರ್ತೆಗಳ ಅಧ್ಯಯನದಲ್ಲಿಯೂ ಅದೇ ಶತಮಾನ ಎರಡು ದಾರಿಗಳನ್ನು ತೋರಿಸುತ್ತದೆ. 1537ರಲ್ಲಿ ಆಂದ್ರೆಯಾಸ್ ಓಸಿಯಾಂಡರನು ಪ್ರಕಟಿಸಿದ ಹೊಂದಾಣಿಕೆಯಲ್ಲಿ, ಸುವಾರ್ತಿಕರು ಬೇರೆ ಕ್ರಮದಲ್ಲಿ ಹೇಳಿದ ಪ್ರಸಂಗಗಳು ಬೇರೆಬೇರೆ ಘಟನೆಗಳೇ ಎಂಬ ನಿಲುವಿನಿಂದ ಒಂದೇ ಘಟನೆ ಹಲವಾಗಿ ಬೆಳೆಯಿತು. 1555ರಲ್ಲಿ ಕಾಲ್ವಿನನು ಮತ್ತಾಯ, ಮಾರ್ಕ, ಲೂಕರನ್ನು ಜೊತೆಜೊತೆಯಾಗಿ ಇರಿಸಿ ವ್ಯಾಖ್ಯಾನಿಸಿದನು. ಕಾಲಾನುಕ್ರಮವನ್ನು ಕಾಯುವುದು ಸುವಾರ್ತಿಕರ ಮುಖ್ಯ ಉದ್ದೇಶವಲ್ಲವೆಂದು ಕಂಡನು. 1770ರ ದಶಕದಲ್ಲಿ ಯೋಹಾನ್ ಯಾಕೋಬ್ ಗ್ರೀಸ್‌ಬಾಖನು ಇನ್ನೂ ಮುಂದಕ್ಕೆ ಹೋದನು. ಸುವಾರ್ತೆಗಳಿಂದ ಒಂದು ಕಥನವನ್ನು ರಚಿಸಲು ಸಾಧ್ಯವೇ ಎಂಬುದನ್ನೇ ಸಂದೇಹಿಸಿ, ಮೂರನ್ನೂ ಸಮಾನಾಂತರ ಅಂಕಣಗಳಲ್ಲಿ ಅಚ್ಚುಹಾಕಿಸಿದನು. ಈ ಮೂರಕ್ಕೆ ಸಮಾನನೋಟದ ಸುವಾರ್ತೆಗಳೆಂಬ ಹೆಸರು ಬಂದದ್ದು ಅಲ್ಲಿಂದ.

ಮಾರ್ಕನು ಮತ್ತಾಯ ಲೂಕರಿಬ್ಬರನ್ನೂ ನೋಡಿ ಸಂಕ್ಷೇಪಿಸಿದನೆಂಬುದು ಗ್ರೀಸ್‌ಬಾಖನ ಅಭಿಪ್ರಾಯ. ಅವನಂತೆ ಮೂರನ್ನೂ ಅಂಕಣಗಳಲ್ಲಿ ಹೋಲಿಸಿ ಓದಿದ ಮುಂದಿನ ಪೀಳಿಗೆಯ ಬಹುಪಾಲು ವಿದ್ವಾಂಸರು ಅದಕ್ಕೆ ವಿರುದ್ಧವಾದ ನಿರ್ಣಯಕ್ಕೆ ಬಂದರು: ಮಾರ್ಕನೇ ಮೊದಲಿಗನು, ಉಳಿದಿಬ್ಬರು ಅವನನ್ನು ಬಳಸಿದರು. 1863ರ ಹೋಲ್ಟ್ಸ್‌ಮಾನನ ಗ್ರಂಥದಿಂದ ಈ ಮತಕ್ಕೆ ಬಲ ಬಂತು. ಗ್ರೀಸ್‌ಬಾಖನ ಉತ್ತರವನ್ನು ಹೆಚ್ಚಿನವರು ಕೈಬಿಟ್ಟರು. ಅವನ ಅಂಕಣಗಳನ್ನು ಯಾರೂ ಕೈಬಿಡಲಿಲ್ಲ. ಪಾಪಿಯಸನ ವಿಷಯದಲ್ಲಿ ಯುಸೇಬಿಯಸನಿಗೆ ಆದದ್ದೂ ಇದೇ.

ಈ ನಿರ್ಣಯದಿಂದ ಸಾಕ್ಷಿಗಳನ್ನು ಎಣಿಸುವ ವಿಧಾನವೂ ಬದಲಾಯಿತು. ಎರಡು ಮೂರು ಸಾಕ್ಷಿಗಳ ಬಾಯಿಂದ ಮಾತು ಸ್ಥಿರವಾಗಬೇಕೆಂಬುದು ಧರ್ಮೋಪದೇಶಕಾಂಡದ ನಿಯಮ. ಆದರೆ ಮತ್ತಾಯ ಲೂಕರು ಮಾರ್ಕನ ಪುಟವನ್ನೇ ಅನುಸರಿಸಿರುವಲ್ಲಿ, ಇತಿಹಾಸಕಾರನ ದೃಷ್ಟಿಯಲ್ಲಿ ಅವರು ಮೂವರು ಪ್ರತ್ಯೇಕ ಸಾಕ್ಷಿಗಳಲ್ಲ. ಐದು ಪಠ್ಯಪುಸ್ತಕಗಳು ಒಂದೇ ಮಾತನ್ನು ಹೇಳುತ್ತವೆಂದು ಅಡಿಟಿಪ್ಪಣಿಯಲ್ಲಿ ಪಟ್ಟಿಮಾಡುವ ವಿದ್ಯಾರ್ಥಿಯು ಅವು ಐದೂ ಒಂದೇ ಹಳೆಯ ಪುಸ್ತಕದಿಂದ ತೆಗೆದುಕೊಂಡಿವೆಯೇ ಎಂದು ನೋಡಬೇಕು. ಹಾಗಿದ್ದರೆ ಅವನ ಬಳಿ ಇರುವ ಸಾಕ್ಷಿ ಒಂದೇ.

ನಮ್ಮ ಸಭೆಗಳ ಇತಿಹಾಸ ಬರೆಯುವಾಗ

ನಮ್ಮ ವಿದ್ಯಾರ್ಥಿಗಳು ಕನ್ನಡ ನಾಡಿನ ಸಭೆಗಳ ಇತಿಹಾಸವನ್ನು ವಿಷಯವಾಗಿ ಆರಿಸಿಕೊಂಡಾಗ ಈ ಪಾಠಗಳೆಲ್ಲ ಹತ್ತಿರವಾಗುತ್ತವೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಅವರ ಮತ್ತು ಅವರ ಮುಂದಿನವರ ಜರ್ಮನ್ ಪತ್ರಗಳೂ ವರದಿಗಳೂ ಬಾಸೆಲಿನ ದಾಖಲೆ ಭಂಡಾರದಲ್ಲಿವೆ. 1865ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾಯಿತು. ಇಲ್ಲಿ ಒಂದು ನಿಜವಾದ ವಿವಾದವಿದೆ. ದೀಕ್ಷಾಸ್ನಾನ ಹೊಂದಿ ಜಾತಿಯನ್ನೂ ಅದರೊಂದಿಗೆ ಜೀವನೋಪಾಯವನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸಲು ಇಂಥ ಉದ್ಯಮಗಳು ಹುಟ್ಟಿದವೆಂದು ಮಿಷನ್ನಿನ ಕಡೆಯವರು ಹೇಳುತ್ತಾರೆ. ದುಡಿಮೆಯ ಆಸೆಯೇ ಜನರನ್ನು ಸಭೆಗೆ ಸೆಳೆಯಿತೆಂದು ಟೀಕಾಕಾರರು ಹೇಳುತ್ತಾರೆ. ನಮ್ಮ ಹಿರಿಯರ ನಂಬಿಕೆಯ ಬಗೆಗಿನ ಪ್ರಶ್ನೆ ಇದು, ಹಗುರವಾಗಿ ಉತ್ತರಿಸುವಂಥದ್ದಲ್ಲ.

ಎರಡೂ ಕಡೆಯ ಮಾತುಗಳನ್ನು ಬೆರೆಸಿ, ಸತ್ಯವು ನಡುವೆಲ್ಲೋ ಇದೆ ಎಂದು ಮುಗಿಸುವುದು ತಾತಿಯನನ ದಾರಿ. ಎರಡನ್ನೂ ಸಾಲಾಗಿ ಇರಿಸಿ ಸುಮ್ಮನಾಗುವುದು ಅಬೆಲಾರ್ಡನ ಗ್ರಂಥವನ್ನು ಅರ್ಧಕ್ಕೆ ನಿಲ್ಲಿಸಿದಂತೆ. ವಿದ್ಯಾರ್ಥಿಯು ಮೊದಲು ಪ್ರಶ್ನೆಯನ್ನು ಕಿರಿದುಗೊಳಿಸಬೇಕು: ಇಂಥ ಸಭೆಯಲ್ಲಿ, ಇಂಥ ವರ್ಷಗಳ ನಡುವೆ, ದೀಕ್ಷಾಸ್ನಾನ ಮೊದಲು ನಡೆಯಿತೋ ದುಡಿಮೆ ಮೊದಲು ದೊರೆಯಿತೋ? ಅನಂತರ ಯುಸೇಬಿಯಸನಂತೆ ಕೋಷ್ಟಕ ಹಾಕಬೇಕು. ಒಂದು ಕಡೆ ದೀಕ್ಷಾಸ್ನಾನದ ರಿಜಿಸ್ಟರು, ಮಿಷನ್ ವರದಿ, ಸರಕಾರಿ ದಾಖಲೆ, ಕುಟುಂಬಗಳ ನೆನಪು. ಇನ್ನೊಂದು ಕಡೆ ವರ್ಷ, ಊರು, ಕಸುಬು, ಹೇಳಿದ ಕಾರಣ. ಖಾಲಿ ಉಳಿದ ಮನೆಗಳನ್ನು ಖಾಲಿಯಾಗಿಯೇ ಬಿಡಬೇಕು. ಪ್ರತಿ ಆಕರಕ್ಕೂ ಅಬೆಲಾರ್ಡನ ಪ್ರಶ್ನೆಗಳನ್ನು ಕೇಳಬೇಕು. ಯುರೋಪಿನ ಬೆಂಬಲಿಗರು ಓದಲೆಂದು ಅಚ್ಚಾದ ವರದಿಗೂ ಹೆಸರು ತಾರೀಕುಗಳನ್ನಷ್ಟೇ ದಾಖಲಿಸುವ ರಿಜಿಸ್ಟರಿಗೂ ಉದ್ದೇಶ ಒಂದೇ ಅಲ್ಲ. ಅಜ್ಜಿಯೊಬ್ಬರು ಹೇಳುವ ಕುಟುಂಬದ ನೆನಪು ಬೇರೆಲ್ಲೂ ಸಿಗದಿದ್ದರೆ, ಅದು ಹತ್ತನೆಯ ಕೋಷ್ಟಕಕ್ಕೆ ಸೇರಿದ್ದು. ಒಂಟಿಯೆಂದು ಹೇಳಿ ಅದನ್ನು ಉಳಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಪ್ರಬಂಧವನ್ನು ಆಕರಗಳ ಕ್ರಮದಲ್ಲಿ ಬರೆಯದೆ ಪ್ರಶ್ನೆಗಳ ಕ್ರಮದಲ್ಲಿ ಬರೆಯಬೇಕು. ಒಂದು ಪರಿಚ್ಛೇದ ಒಂದು ಪುಸ್ತಕದ ಸಾರಾಂಶವಾಗಿದ್ದರೆ ಅಲ್ಲಿ ಸಮನ್ವಯ ಆರಂಭವಾಗಿಲ್ಲ. ಒಂದು ಪರಿಚ್ಛೇದದಲ್ಲಿ ಒಂದು ಪ್ರಶ್ನೆಗೆ ಮೂರು ಆಕರಗಳು ಉತ್ತರಿಸುತ್ತಿದ್ದು, ಅವು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ, ಏಕೆ ಅಗಲುತ್ತವೆ ಎಂಬುದನ್ನು ಬರೆಯುವವನು ತನ್ನ ಮಾತಿನಲ್ಲಿ ಹೇಳುತ್ತಿದ್ದರೆ ಅಲ್ಲಿ ಆರಂಭವಾಗಿದೆ. ತೀರ್ಮಾನವು ಸಿಕ್ಕ ಸಾಕ್ಷ್ಯ ಹೊರುವಷ್ಟೇ ಭಾರದ್ದಾಗಿರಬೇಕು. ಒಂದು ಸಭೆಯ ರಿಜಿಸ್ಟರಿನಿಂದ ಇಡೀ ಕರಾವಳಿಯ ಬಗ್ಗೆ ಮಾತಾಡಬಾರದು.

ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯು ನ್ಯಾಯಾಲಯಕ್ಕೆ ಮಾತ್ರ ಸೀಮಿತವಲ್ಲ. ಸತ್ತವರು ತಮ್ಮ ಮಾತನ್ನು ತಿದ್ದಲು ಮರಳಿ ಬರಲಾರರು; ಅವರು ಹೇಳದ್ದನ್ನು ಅವರ ಬಾಯಲ್ಲಿ ಇರಿಸುವುದೂ ಹೇಳಿದ್ದನ್ನು ಅಡಗಿಸುವುದೂ ಅದೇ ಆಜ್ಞೆಯ ಉಲ್ಲಂಘನೆ. ಇಂದು ಪ್ರಬಂಧದಲ್ಲಿ ಆಕರಗಳೊಡನೆ ನಡೆದುಕೊಳ್ಳುವ ರೀತಿಯೇ ನಾಳೆ ಪ್ರಸಂಗಪೀಠದಲ್ಲಿ ವಾಕ್ಯದೊಡನೆ ನಡೆದುಕೊಳ್ಳುವ ರೀತಿಯಾಗುತ್ತದೆ; ಸಭೆಯೊಳಗಿನ ಎರಡು ಪಕ್ಷಗಳ ದೂರನ್ನು ಕೇಳುವ ರೀತಿಯೂ ಅದೇ ಆಗುತ್ತದೆ. ಸಭಾಪಾಲಕನು ಇಬ್ಬರ ಮಾತನ್ನೂ ಪೂರ್ಣವಾಗಿ ಕೇಳಿ, ಅವರ ಮಾತು ಅವರದಾಗಿಯೇ ಉಳಿಯುವಂತೆ ನೋಡಿಕೊಂಡು, ಅನಂತರ ತನ್ನ ನಿರ್ಣಯವನ್ನು ಹೇಳಬೇಕಾಗುತ್ತದೆ. ಆ ಸೇವೆಗೆ ತರಬೇತಿ ಸೆಮಿನರಿಯ ಗ್ರಂಥಾಲಯದ ಮೇಜಿನ ಮೇಲೆಯೇ ಆರಂಭವಾಗುತ್ತದೆ.